ಪ್ಯಾರಲಲ್‌ನಲ್ಲಿ ಮೂರು ಲಿಥಿಯಂ ಪ್ಯಾಕ್: 25, 24, 11 ಆಂಪ್ಸ್. ಮೂರನೇದು ಯಾಕೆ ಸೋಮಾರಿ?

ಮೂಡಿಗೆರೆ_ಹೋಂಸ್ಟೇ
ಎಲ್ಲರಿಗೂ ನಮಸ್ಕಾರ. 5 ಕೆವಿಎ, 48 ವೋಲ್ಟ್ ಹೈಬ್ರಿಡ್ ಇನ್ವರ್ಟರ್. 51.2 ವೋಲ್ಟ್ 100 ಎಎಚ್ (ಆಂಪಿಯರ್-ಅವರ್) ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್ ಮೂರು, ಒಂದೇ ಕಂಪನಿ, ಒಂದೇ ಬ್ಯಾಚ್, ರ್‍ಯಾಕ್‌ನಲ್ಲಿ ಒಂದರ ಕೆಳಗೊಂದು. ಮೇಲಿನದರಿಂದ ನಡುವಿನದಕ್ಕೆ, ಅಲ್ಲಿಂದ ಕೆಳಗಿನದಕ್ಕೆ 25 ಸ್ಕ್ವೇರ್ ಎಂಎಂ ಲಿಂಕ್, ಒಂದೊಂದೂ ಕಾಲು ಮೀಟರ್. ಇನ್ವರ್ಟರ್‌ಗೆ ಹೋಗೋ ಪ್ಲಸ್, ಮೈನಸ್ ಎರಡೂ ಮೇಲಿನ ಪ್ಯಾಕ್‌ನಿಂದ.

ಫುಲ್ ಚಾರ್ಜ್ ಆದ ಕೂಡಲೇ 60 ಆಂಪ್ಸ್ ಲೋಡ್ ಕೊಟ್ಟು ಡಿಸಿ ಕ್ಲಾಂಪ್ ಮೀಟರ್ (ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯೋದು) ಹಾಕಿದರೆ ಮೇಲಿಂದ ಕೆಳಗೆ 25, 24, 11. ಅದೇ ಲೋಡ್ ಎರಡು ಗಂಟೆ ಓಡಿದ ಮೇಲೆ 21, 21, 18. ತಾನಾಗೇ ಸರಿಹೋಯ್ತು ಅಂದುಕೊಂಡು ಲೋಡ್ ಆಫ್ ಮಾಡಿದರೆ ಕೆಳಗಿನ ಪ್ಯಾಕ್‌ನಿಂದ 7 ಆಂಪ್ಸ್ ಇನ್ನೂ ಹೊರಗೆ ಹರೀತಿದೆ. ಲೋಡೇ ಇಲ್ಲದೆ ಎಲ್ಲಿಗೆ ಹೋಗ್ತಿದೆ? ಪ್ಯಾಕ್ ಬದಲಾಯಿಸಬೇಕಾ?

ಬೇಲೂರು_ವೈರಿಂಗ್
ಪ್ಲಸ್ ಮೈನಸ್ ಎರಡನ್ನೂ ಒಂದೇ ತುದಿಯಿಂದ ತೆಗೆದಿದ್ದೀರಿ, ಅಲ್ಲೇ ತಪ್ಪಿರೋದು. ದೂರದ ಪ್ಯಾಕ್‌ನ ಕರೆಂಟ್ ಎಲ್ಲ ಲಿಂಕ್‌ಗಳನ್ನೂ ದಾಟಿ ಬರಬೇಕು, ಹತ್ತಿರದ್ದಕ್ಕೆ ಆ ಕಾಟ ಇಲ್ಲ. ಪ್ಲಸ್ ಮೇಲಿನದರಿಂದ, ಮೈನಸ್ ಕೆಳಗಿನದರಿಂದ ಅಡ್ಡಡ್ಡಲಾಗಿ ತೆಗೆಯಿರಿ. ಖರ್ಚಿಲ್ಲದ ಕೆಲಸ, ಮೊದಲು ಅದನ್ನ ಮಾಡಿ.

ತಾಮ್ರಪಟ್ಟಿ
ಮೇಡಂ ಹೇಳಿದ್ದು ಮಾಡಲೇಬೇಕಾದದ್ದು, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಲೆಕ್ಕ ಹಾಕಿ ನೋಡಿ.

25 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ತಾಮ್ರದ ಕೇಬಲ್‌ಗೆ ಮೀಟರಿಗೆ 0.78 ಮಿಲಿ ಓಮ್. ಕಾಲು ಮೀಟರಿಗೆ ಸುಮಾರು 0.2. ಎರಡು ಲಗ್ (ಕೇಬಲ್ ತುದಿಯ ಲೋಹದ ಕಿವಿ) ಸೇರಿಸಿ ಒಂದು ಲಿಂಕ್‌ಗೆ 0.4 ಅಂತ ಧಾರಾಳವಾಗೇ ಇಟ್ಟುಕೊಳ್ಳೋಣ. ಪ್ಲಸ್ ಒಂದು, ಮೈನಸ್ ಒಂದು, ಅಂದರೆ ಮೆಟ್ಟಿಲಿಗೆ 0.8. ಪ್ಯಾಕ್‌ನ ಒಳರೋಧ, ಅಂದರೆ ಸೆಲ್, ಬಿಎಂಎಸ್‌ನ (ಪ್ಯಾಕನ್ನ ಕಾಯೋ ಸರ್ಕ್ಯೂಟ್) ಮಾಸ್‌ಫೆಟ್ ಸ್ವಿಚ್, ಒಳಗಿನ ಫ್ಯೂಸ್, ವೈರು ಎಲ್ಲ ಸೇರಿ 20 ಮಿಲಿ ಓಮ್ ಅಂತಿರಲಿ. 60 ಆಂಪ್ಸ್ ಹಂಚಿಕೆ ಬರೋದು 21.3, 19.7, 19.0. ನಿಮ್ಮ ವೈರಿಂಗ್ ತಪ್ಪಿಗೆ ಇಷ್ಟೇ ಶಿಕ್ಷೆ. 11 ಬರೋಕೆ ಇದು ಸಾಲಲ್ಲ.

ಇದೇ ತಪ್ಪನ್ನ 12 ವೋಲ್ಟ್ ಟ್ಯೂಬ್ಯುಲರ್ (ಲೆಡ್ ಆಸಿಡ್) ಬ್ಯಾಟರಿ ಮೂರರಲ್ಲಿ ಮಾಡಿದ್ದರೆ ಕಥೆ ಬೇರೆ. ಅಲ್ಲಿ ಒಳರೋಧ 5 ಮಿಲಿ ಓಮ್ ಆಸುಪಾಸು. ಲಿಂಕ್‌ಗೆ ಅರ್ಧ ಮಿಲಿ ಓಮ್ ಇದ್ದರೂ ಅದೇ 60 ಆಂಪ್ಸ್ 25.6, 18.8, 15.6 ಆಗಿ ಒಡೆಯುತ್ತೆ. ಅಡ್ಡಡ್ಡ ತೆಗೆದರೆ 20.6, 18.8, 20.6. ಆಗ ನಡುವಿನದು ಸ್ವಲ್ಪ ಕಮ್ಮಿ ದುಡಿಯುತ್ತೆ. ಒಳರೋಧ ಎಷ್ಟು ಕಮ್ಮಿಯೋ ಹೊರಗಿನ ತಂತಿಯ ಆಟ ಅಷ್ಟು ಜಾಸ್ತಿ.

ನಿಮ್ಮ ಅಂಕಿ ಇಟ್ಟು ಹಿಂದಿನಿಂದ ಲೆಕ್ಕ ಮಾಡಿದರೆ ಕೆಳಗಿನ ಪ್ಯಾಕ್‌ನ ದಾರಿಯಲ್ಲಿ 22ರಿಂದ 23 ಮಿಲಿ ಓಮ್ ಎಲ್ಲೋ ಹೆಚ್ಚುವರಿ ಕೂತಿದೆ. ಇನ್ನೊಂದು ಪ್ಯಾಕ್‌ನ ಒಳರೋಧದಷ್ಟು! ಒಂದೋ ಪ್ಯಾಕ್ ಒಳಗಿದೆ, ಇಲ್ಲಾ ಹೊರಗಿನ ಒಂದು ಜಾಯಿಂಟ್‌ನಲ್ಲಿದೆ. ಹೊರಗಿನದನ್ನ ಅಳೆಯದೆ ಪ್ಯಾಕ್ ಬದಲಾಯಿಸೋ ಮಾತು ಎತ್ತಬೇಡಿ.

ಕೊಪ್ಪದ_ಮಳೆ
ಅಲ್ಲ ಮಾರಾಯ್ರೆ, ಜಾಯಿಂಟ್ ಕೆಟ್ಟಿದ್ದರೆ ಎರಡು ಗಂಟೆ ಆದಮೇಲೆ 18ಕ್ಕೆ ಏರಿದ್ದು ಹೇಗೆ? ಜಾಯಿಂಟ್ ತಾನಾಗಿ ರಿಪೇರಿ ಆಗಲ್ಲವಲ್ಲ.

ತಾಮ್ರಪಟ್ಟಿ
ಜಾಯಿಂಟ್ ಹಾಗೇ ಇದೆ, ಬದಲಾಗಿದ್ದು ಪ್ಯಾಕ್‌ಗಳ ವೋಲ್ಟೇಜ್. ಮೊದಲಿನ ಎರಡು ಪ್ಯಾಕ್ ಎರಡು ಗಂಟೆಯಲ್ಲಿ ಹತ್ತಿರ ಹತ್ತಿರ 50 ಎಎಚ್ ಕೊಟ್ಟು ಅರ್ಧಕ್ಕಿಳಿದಿವೆ. ಕೆಳಗಿನದು ಸುಮಾರು ಕಾಲು ಭಾಗ ಮಾತ್ರ ಕೊಟ್ಟಿದೆ. ಎಲ್‌ಎಫ್‌ಪಿ ಸೆಲ್ 75-80 ಪರ್ಸೆಂಟ್‌ನಲ್ಲಿ 3.33 ವೋಲ್ಟ್ ಆಸುಪಾಸು, 50ರಲ್ಲಿ 3.30. 16 ಸೆಲ್‌ಗೆ ಈ ಚೂರು ವ್ಯತ್ಯಾಸವೇ 0.4ರಿಂದ 0.5 ವೋಲ್ಟ್. ತುಂಬಿದ ಪ್ಯಾಕ್ ಆ ಅರ್ಧ ವೋಲ್ಟ್ ಬಲದಿಂದ ಕೆಟ್ಟ ಜಾಯಿಂಟನ್ನೂ ತಳ್ಳಿಕೊಂಡು ಕರೆಂಟ್ ಕೊಡ್ತಿದೆ. ಹೊರಗಿಂದ ನೋಡೋರಿಗೆ 21, 21, 18 ಸಮತೋಲ ಅನ್ನಿಸುತ್ತೆ.

ಲೋಡ್ ತೆಗೆದ ಮೇಲೂ ಆ ವ್ಯತ್ಯಾಸ ಉಳಿದಿರುತ್ತೆ. ಕೆಳಗಿನದು ಉಳಿದೆರಡನ್ನು ಚಾರ್ಜ್ ಮಾಡ್ತಿದೆ. 0.4 ವೋಲ್ಟನ್ನ 53 ಮಿಲಿ ಓಮ್‌ನಿಂದ (ಕೆಳಗಿನ ಪ್ಯಾಕ್‌ನ ದಾರಿ 43, ಉಳಿದೆರಡು ಪ್ಯಾರಲಲ್ ಆಗಿ 10) ಭಾಗಿಸಿ: ಏಳೂವರೆ ಆಂಪ್ಸ್. ನಿಮ್ಮ ಕ್ಲಾಂಪ್ ಹೇಳಿದ 7 ಅದೇ.

ಹಾಗಾಗಿ ಹಂಚಿಕೆ ಅಳೆಯೋ ಹೊತ್ತು ಮುಖ್ಯ. ಎಲ್ಲ ಪ್ಯಾಕ್ ಪೂರ್ತಿ ತುಂಬಿ, ಅರ್ಧ ಗಂಟೆ ಸುಮ್ಮನಿದ್ದು, ಲೋಡ್ ಕೊಟ್ಟ ಮೊದಲ ಹತ್ತು ನಿಮಿಷದಲ್ಲಿ ಬರೋ ಅಂಕಿ ರೋಧದ್ದು. ಸಂಜೆ ಹೊತ್ತಿಗೆ ಬರೋದು ರೋಧ ಮತ್ತು ಚಾರ್ಜ್ ಮಟ್ಟ ಎರಡರ ಕಲಸುಮೇಲೋಗರ.

ಹಾಸನ್_ಆಂಪಿಯರ್
ಇದಕ್ಕೆ ಸುಲಭದ ಪರೀಕ್ಷೆ ಇದೆ. 20 ಆಂಪ್ಸ್, 60 ಆಂಪ್ಸ್ ಎರಡೂ ಲೋಡ್‌ನಲ್ಲಿ ಅಳೆಯಿರಿ. ಅನುಪಾತ ಒಂದೇ ಇದ್ದು, ಸೊನ್ನೆ ಲೋಡ್‌ನಲ್ಲಿ ಪ್ಯಾಕ್‌ನಿಂದ ಪ್ಯಾಕ್‌ಗೆ ಏನೂ ಹರೀದಿದ್ದರೆ ರೋಧದ ಸಮಸ್ಯೆ. ಲೋಡ್ ಕಮ್ಮಿ ಆದಷ್ಟೂ ಅನುಪಾತ ಕೆಡ್ತಾ ಹೋದರೆ, ಸೊನ್ನೆ ಲೋಡ್‌ನಲ್ಲೂ ಹರಿದಾಟ ಇದ್ದರೆ ಚಾರ್ಜ್ ಮಟ್ಟದ್ದು.

ಕ್ಲಾಂಪ್ ಮೀಟರ್ ವಿಚಾರ ಒಂದು ಮಾತು. ಪ್ರತಿ ಸಲ ಕೇಬಲ್ ಹತ್ತಿರವೇ ಹಿಡಿದು, ದವಡೆ ಮುಚ್ಚಿ, ಝೀರೋ ಒತ್ತಿ ಆಮೇಲೆ ಕೇಬಲ್‌ಗೆ ಹಾಕಿ. ಡಿಸಿ ಕ್ಲಾಂಪ್‌ಗೆ ಹಾಲ್ ಸೆನ್ಸರ್ ಇರೋದರಿಂದ ದಿಕ್ಕು ತಿರುಗಿಸಿದರೂ ಒಂದೆರಡು ಆಂಪ್ಸ್ ಸುಳ್ಳು ಬರುತ್ತೆ. ಬರೀ ಎಸಿ ಅಳೆಯೋ ಅಗ್ಗದ ಕ್ಲಾಂಪ್ ಡಿಸಿಯಲ್ಲಿ ಸೊನ್ನೆ ತೋರಿಸುತ್ತೆ. ಅದನ್ನ ನಂಬಿ "ಈ ಬ್ಯಾಟರಿ ಸತ್ತಿದೆ" ಅಂತ ತೀರ್ಪು ಕೊಡೋರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ಕೆಟ್ಟ ಜಾಯಿಂಟ್ ಹುಡುಕೋಕೆ ಮಲ್ಟಿಮೀಟರನ್ನ ಡಿಸಿ ಮಿಲಿವೋಲ್ಟ್‌ಗೆ ಇಡಿ. ಲೋಡ್ ಓಡ್ತಿರಲಿ. ಒಂದು ಮುಳ್ಳು ಬ್ಯಾಟರಿ ಟರ್ಮಿನಲ್ ಲೋಹದ ಮೇಲೇ, ಬೋಲ್ಟ್ ಮೇಲಲ್ಲ. ಇನ್ನೊಂದು ಲಗ್ ಮೇಲೆ. ಆಮೇಲೆ ಲಗ್‌ನಿಂದ ಕೇಬಲ್ ಒಳಗಿನ ತಾಮ್ರಕ್ಕೆ: ಲಗ್‌ನಿಂದ ಎರಡು ಬೆರಳು ದೂರದಲ್ಲಿ ಹೊಲಿಗೆ ಸೂಜಿ ಚುಚ್ಚಿ ಅದರ ಮೇಲೆ ಮುಳ್ಳು ಇಡಿ. ಸರಿಯಾದ ಜಾಯಿಂಟ್ 0.1 ಮಿಲಿ ಓಮ್ ದಾಟಬಾರದು, ಅಂದರೆ 11 ಆಂಪ್ಸ್‌ನಲ್ಲಿ ಒಂದು ಮಿಲಿವೋಲ್ಟ್ ಚಿಲ್ಲರೆ. ನಿಮ್ಮದು 22 ಮಿಲಿ ಓಮ್ ಹೊರಗಿದ್ದರೆ ಎಲ್ಲೋ ಒಂದು ಕಡೆ 240-250 ಮಿಲಿವೋಲ್ಟ್ ಎದ್ದು ಕಾಣಬೇಕು. ಸೂಜಿ ಚುಚ್ಚಿದ ತೂತಿಗೆ ಆಮೇಲೆ ಟೇಪ್ ಸುತ್ತೋದು ಮರೀಬೇಡಿ.

ಮೂಡಿಗೆರೆ_ಹೋಂಸ್ಟೇ
ಅಳೆದೆ ಸರ್. ಫುಲ್ ಚಾರ್ಜ್ ಆದಮೇಲೆ ಸೊನ್ನೆ ಲೋಡ್‌ನಲ್ಲಿ ಎಲ್ಲದರಲ್ಲೂ 0.3ರ ಒಳಗೆ. 20 ಆಂಪ್ಸ್‌ನಲ್ಲಿ 8.4, 8.0, 3.6. 60ರಲ್ಲಿ ಮತ್ತೆ 25, 24, 11.

ಮಿಲಿವೋಲ್ಟ್: ಕೆಳಗಿನ ಪ್ಯಾಕ್‌ನ ಪ್ಲಸ್ ಕಡೆ ಎಲ್ಲ ಸೇರಿ 3. ಮೈನಸ್ ಟರ್ಮಿನಲ್‌ನಿಂದ ಲಗ್‌ಗೆ 4. ಅದೇ ಲಗ್‌ನಿಂದ ಸೂಜಿಗೆ 240!

ತಾಮ್ರಪಟ್ಟಿ
ಸಿಕ್ಕಿಬಿತ್ತಲ್ಲ. ಟರ್ಮಿನಲ್ ಬೋಲ್ಟ್‌ನದ್ದು ಚಿಲ್ಲರೆ, ಕ್ರಿಂಪ್ (ಲಗ್ ಒಳಗೆ ಕೇಬಲ್ ಒತ್ತಿ ಹಿಡಿಸಿದ ಜಾಗ) ಕೆಟ್ಟಿದೆ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಇದು ಸರಿಹೋಗಲ್ಲ. ಈಗ 11 ಆಂಪ್ಸ್‌ಗೆ ಎರಡೂವರೆ ವ್ಯಾಟ್ ಬಿಸಿ ಅಷ್ಟೇ, ಕೈಗೆ ಬೆಚ್ಚಗೆ ಹತ್ತಬಹುದು. ಇನ್ವರ್ಟರ್ ಪೂರ್ತಿ ಲೋಡ್‌ಗೆ 110 ಆಂಪ್ಸ್ ಎಳೆದರೆ ಈ ಲಗ್‌ನಲ್ಲಿ 20 ಆಂಪ್ಸ್ ದಾಟಿ ಹತ್ತು ವ್ಯಾಟ್ ಹತ್ತಿರ. ಹೆಬ್ಬೆರಳಿನಷ್ಟು ಜಾಗದಲ್ಲಿ ಹತ್ತು ವ್ಯಾಟ್ ಅಂದರೆ ಇನ್ಸುಲೇಷನ್ ಕರಗೋ ದಾರಿ. ಲಗ್ ಕತ್ತರಿಸಿ ಒಳಗೆ ನೋಡಿ, ಫೋಟೋ ಹಾಕಿ.

ಮೂಡಿಗೆರೆ_ಹೋಂಸ್ಟೇ
ಕತ್ತರಿಸಿ ನೋಡಿದೆ. ಕೇಬಲ್‌ನ ಕಪ್ಪು ಸಿಪ್ಪೆ ಅರ್ಧ ಸೆಂಟಿಮೀಟರ್ ಲಗ್ ಒಳಗೇ ಹೋಗಿದೆ, ಅದರ ಮೇಲೇ ಒತ್ತಿದ್ದಾರೆ. ಎಳೆಗಳ ಅರ್ಧಭಾಗ ಲಗ್‌ಗೆ ತಾಗಿಯೇ ಇಲ್ಲ, ಹಸಿರು ಕಿಲುಬು ಹಿಡಿದಿದೆ. ಹೊರಗಿಂದ ಹೀಟ್ ಶ್ರಿಂಕ್ ಹಾಕಿ ಚೆಂದ ಕಾಣ್ತಿತ್ತು.

ಹಾಸನ್_ಆಂಪಿಯರ್
ಒತ್ತಿದ ಗುರುತು ನೋಡಿದರೆ ಪ್ಲೈಯರ್‌ನದ್ದೋ ಸುತ್ತಿಗೆಯದ್ದೋ ಇರಬೇಕು. ಹೊಸದಾಗಿ ಮಾಡಿಸೋವಾಗ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ನಲ್ಲಿ, 25ರ ಷಟ್ಕೋನ ಡೈ ಹಾಕಿ. ಸಿಪ್ಪೆ ತೆಗೆಯೋದು ಲಗ್ ಕೊಳವೆಯ ಉದ್ದಕ್ಕಿಂತ ಎರಡು ಎಂಎಂ ಮಾತ್ರ ಜಾಸ್ತಿ. ಕೊಳವೆಯ ಕಣ್ಣಿನಲ್ಲಿ ತಾಮ್ರ ಇಣುಕಬೇಕು. ಒತ್ತಿದ ಮೇಲೆ ಮೈಬಲ ಹಾಕಿ ಎಳೆಯಿರಿ, ಅಲ್ಲಾಡಿದರೆ ಬಿಸಾಕಿ. ಬರೀ ಬೆಸುಗೆ ಹಾಕಿ ಬಿಡಬೇಡಿ. ಬೆಸುಗೆ ಎಳೆಗಳ ಒಳಗೆ ಹತ್ತಿ ಕೇಬಲ್ ಸೆಟೆದುಕೊಂಡು ಅಲ್ಲೇ ಮುರಿಯುತ್ತೆ, ಬಿಸಿಯಾದರೆ ಸಡಿಲವೂ ಆಗುತ್ತೆ.

ಕೂರಿಸೋ ಕ್ರಮ: ಟರ್ಮಿನಲ್, ಅದರ ಮೇಲೆ ನೇರ ಲಗ್, ಆಮೇಲೆ ಪ್ಲೇನ್ ವಾಷರ್, ಸ್ಪ್ರಿಂಗ್ ವಾಷರ್, ಬೋಲ್ಟ್. ಲಗ್‌ಗೂ ಟರ್ಮಿನಲ್‌ಗೂ ಮಧ್ಯೆ ವಾಷರ್ ಬಂದರೆ ಕರೆಂಟ್ ಸ್ಟೀಲ್ ದಾಟಬೇಕಾಗುತ್ತೆ.

ಬೇಲೂರು_ವೈರಿಂಗ್
ಹೇಗೂ ಬಿಚ್ತಿದ್ದೀರಿ, ಲಿಂಕ್ ಸರಪಳಿಯನ್ನೇ ತೆಗೆದು ಬಸ್‌ಬಾರ್ ಹಾಕಿಬಿಡಿ. 25 ಎಂಎಂ ಅಗಲ, 5 ಎಂಎಂ ದಪ್ಪದ ತಾಮ್ರದ ಪಟ್ಟಿ ಎರಡು. ಅದರಲ್ಲಿ ಹತ್ತು ಸೆಂಟಿಮೀಟರ್‌ಗೆ 0.014 ಮಿಲಿ ಓಮ್, ಲೆಕ್ಕಕ್ಕೇ ಇಲ್ಲ. ಪ್ರತಿ ಪ್ಯಾಕ್‌ನಿಂದ ಪಟ್ಟಿಗೆ 25 ಸ್ಕ್ವೇರ್ ಎಂಎಂ ಕೇಬಲ್, ಆರೂ ಒಂದೇ ಅಳತೆ. ಕೆಳಗಿನದಕ್ಕೆ ಒಂದು ಮೀಟರ್ ಬೇಕಾದರೆ ಮೇಲಿನದಕ್ಕೂ ಒಂದು ಮೀಟರೇ, ಮಿಕ್ಕಿದ್ದನ್ನ ಸಡಿಲವಾಗಿ ಬಳಸಿ ಬಿಡಿ. "ಹತ್ತಿರ ಇದೆಯಲ್ಲ, ಸುಮ್ಮನೆ ಯಾಕೆ ಉದ್ದ" ಅಂತ ಎಲೆಕ್ಟ್ರಿಷಿಯನ್ ಕತ್ತರಿಸಿಬಿಡ್ತಾರೆ, ಪಕ್ಕದಲ್ಲೇ ನಿಂತಿರಿ. ಪಟ್ಟಿಯಿಂದ ಇನ್ವರ್ಟರ್‌ಗೆ 50 ಸ್ಕ್ವೇರ್ ಎಂಎಂ. ಪಟ್ಟಿಗಳ ಮೇಲೆ ಅಕ್ರಿಲಿಕ್ ಮುಚ್ಚಳ. ಮೇಲಿಂದ ಒಂದು ಸ್ಪ್ಯಾನರ್ ಬಿದ್ದರೆ ವೆಲ್ಡಿಂಗ್ ಶಾಪ್ ಆಗಿಹೋಗುತ್ತೆ.

ಪ್ರತಿ ಪ್ಯಾಕ್‌ಗೂ ಪ್ರತ್ಯೇಕ ಫ್ಯೂಸ್ ಪ್ಲಸ್ ಲೈನ್‌ನಲ್ಲಿ, ಪಟ್ಟಿಯ ಹತ್ತಿರ ಅಲ್ಲ, ಪ್ಯಾಕ್‌ನ ಹತ್ತಿರ. 100 ಆಂಪ್ಸ್ ಬಿಎಂಎಸ್‌ಗೆ 125 ಆಂಪ್ಸ್, ಡಿಸಿ ರೇಟಿಂಗ್ ಬರೆದಿರೋ ಎಚ್‌ಆರ್‌ಸಿ (ದೊಡ್ಡ ಶಾರ್ಟ್ ಕರೆಂಟನ್ನೂ ಕಡಿಯಬಲ್ಲ) ಫ್ಯೂಸ್.

ಕೊಪ್ಪದ_ಮಳೆ
ಫ್ಯೂಸ್ ಬದಲು ಡಿಸಿ ಎಂಸಿಬಿ ಆಗಲ್ವಾ ಮೇಡಂ? ಆಫ್ ಮಾಡೋಕೂ ಆಗುತ್ತೆ.

ಬೇಲೂರು_ವೈರಿಂಗ್
ಆಗುತ್ತೆ, ಪೋಲಾರಿಟಿ ಇಲ್ಲದ್ದು ಸಿಕ್ಕಿದರೆ. ಎಷ್ಟೋ ಡಿಸಿ ಎಂಸಿಬಿಗಳ ಮೇಲೆ ಪ್ಲಸ್ ಮೈನಸ್ ಗುರುತಿರುತ್ತೆ. ಒಳಗಿನ ಅಯಸ್ಕಾಂತ ಕಿಡಿಯನ್ನ ಒಂದೇ ದಿಕ್ಕಿಗೆ ಊದುತ್ತೆ. ಬ್ಯಾಟರಿ ಕರೆಂಟ್ ಚಾರ್ಜ್‌ನಲ್ಲಿ ಒಂದು ಕಡೆ, ಲೋಡ್‌ನಲ್ಲಿ ಇನ್ನೊಂದು ಕಡೆ ಹರಿಯುತ್ತೆ. ಪ್ಯಾರಲಲ್‌ನಲ್ಲಂತೂ ಕೆಟ್ಟ ಪ್ಯಾಕ್‌ಗೆ ಉಳಿದವು ಹಿಂದುಮುಂದಾಗಿ ತುಂಬುತ್ತವೆ. ಉಲ್ಟಾ ದಿಕ್ಕಿನಲ್ಲಿ ಟ್ರಿಪ್ ಆದರೆ ಕಿಡಿ ಆರದೆ ಎಂಸಿಬಿಯೇ ಹೊತ್ತಿಕೊಳ್ಳುತ್ತೆ. ಮನೆ ಬೋರ್ಡಿನ ಎಸಿ ಎಂಸಿಬಿಯಂತೂ ಬೇಡವೇ ಬೇಡ.

ಆಲೂರು_ಟ್ಯೂಬ್ಯುಲರ್
ಪ್ರತಿ ಪ್ಯಾಕ್‌ಗೂ ಡಯೋಡ್ ಹಾಕಿದರೆ ಒಂದರಿಂದ ಒಂದಕ್ಕೆ ಹರಿಯೋದೇ ನಿಲ್ಲುತ್ತಲ್ಲ? ಇಲ್ಲಾ ಆಕ್ಟಿವ್ ಬ್ಯಾಲೆನ್ಸರ್?

ತಾಮ್ರಪಟ್ಟಿ
ಡಯೋಡ್ ದಾಟಿ ಚಾರ್ಜ್ ವಾಪಸ್ ಹೋಗಲ್ಲ, ಚಾರ್ಜಿಂಗ್‌ಗೆ ಬೇರೆ ದಾರಿ ಮಾಡಬೇಕು. ಷಾಟ್ಕಿ ಡಯೋಡ್‌ನಲ್ಲೂ ಅರ್ಧ ವೋಲ್ಟ್ ಬೀಳುತ್ತೆ, 25 ಆಂಪ್ಸ್‌ಗೆ ಹನ್ನೆರಡೂವರೆ ವ್ಯಾಟ್ ಸುಮ್ಮನೆ ಬಿಸಿ. ಆಕ್ಟಿವ್ ಬ್ಯಾಲೆನ್ಸರ್ ಕೆಲಸ ಮಾಡೋದು ಒಂದೇ ಪ್ಯಾಕ್ ಒಳಗೆ ಸೀರೀಸ್‌ನಲ್ಲಿರೋ ಸೆಲ್‌ಗಳ ನಡುವೆ. ಪ್ಯಾರಲಲ್ ಪ್ಯಾಕ್‌ಗಳ ಕರೆಂಟ್ ಹಂಚಿಕೆಗೂ ಅದಕ್ಕೂ ಸಂಬಂಧವಿಲ್ಲ, ಅಂಗಡಿಯವರು ಏನೇ ಹೇಳಲಿ.

ಮೂಡಿಗೆರೆ_ಹೋಂಸ್ಟೇ
ಬಸ್‌ಬಾರ್‌ಗೆ ಆರ್ಡರ್ ಕೊಟ್ಟಿದ್ದೀನಿ. ಮತ್ತೆ ಜೋಡಿಸೋವಾಗ ಮೂರರ ಚಾರ್ಜ್ ಬೇರೆಬೇರೆ ಇರುತ್ತಲ್ಲ, ಹಾಗೇ ಸೇರಿಸಬಹುದಾ? ಮುಂದೆ ನಾಲ್ಕನೇದು ಹಾಕೋ ಯೋಚನೆಯೂ ಇದೆ.

ಹಾಸನ್_ಆಂಪಿಯರ್
ಹಾಗೇ ಸೇರಿಸಬೇಡಿ. ಒಂದು ತುಂಬಿ 53.5, ಇನ್ನೊಂದು ಖಾಲಿಯಾಗಿ 51.5 ಇದ್ದರೆ 2 ವೋಲ್ಟ್ ವ್ಯತ್ಯಾಸ. ಎರಡರ ಒಳರೋಧ 40 ಮಿಲಿ ಓಮ್, ತಾಗಿಸಿದ ತಕ್ಷಣ 50 ಆಂಪ್ಸ್.

ಬಿಚ್ಚೋ ಕ್ರಮ: ಲೋಡ್ ಆಫ್, ಸೋಲಾರ್ ಐಸೊಲೇಟರ್ ಆಫ್, ಮೆಸ್ಕಾಂ ಇನ್‌ಪುಟ್ ಆಫ್, ಇನ್ವರ್ಟರ್ ಆಫ್, ಆಮೇಲೆ ಪ್ಯಾಕ್‌ಗಳ ಸ್ವಿಚ್. ಹತ್ತು ನಿಮಿಷ ಬಿಟ್ಟು ಮೈನಸ್ ಮೊದಲು ಬಿಚ್ಚಿ. ಹೊಸ ವೈರಿಂಗ್ ಆದಮೇಲೆ ಒಂದೊಂದೇ ಪ್ಯಾಕ್ ಆನ್ ಮಾಡಿ ಇನ್ವರ್ಟರ್‌ನಿಂದಲೇ 56 ವೋಲ್ಟ್‌ಗೆ ತುಂಬಿಸಿ, ಕರೆಂಟ್ 2-3 ಆಂಪ್ಸ್‌ಗೆ ಇಳಿಯೋವರೆಗೆ. ಮೂರೂ ತುಂಬಿದ ಮೇಲೆ ಒಂದೆರಡು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. 0.1 ವೋಲ್ಟ್ ಒಳಗೆ ಬಂದರೆ ಸೇರಿಸಿ. ಬಾರದಿದ್ದರೆ 1 ಓಮ್ 100 ವ್ಯಾಟ್ ರೆಸಿಸ್ಟರ್ ಮೂಲಕ ಪ್ಲಸ್‌ಗೆ ಪ್ಲಸ್ ಜೋಡಿಸಿ ಒಂದು ರಾತ್ರಿ ಬಿಡಿ. 2 ವೋಲ್ಟ್ ವ್ಯತ್ಯಾಸಕ್ಕೂ 2 ಆಂಪ್ಸ್, 4 ವ್ಯಾಟ್, ಭಯವಿಲ್ಲ.

ವೋಲ್ಟೇಜ್ ಹೊಂದಿಸೋದನ್ನ ಯಾವಾಗಲೂ ತುಂಬಿದ ತುದಿಯಲ್ಲೇ ಮಾಡಿ. ಮಧ್ಯದಲ್ಲಿ ಎಲ್‌ಎಫ್‌ಪಿ ವೋಲ್ಟೇಜ್ ಬಯಲುಸೀಮೆ ಇದ್ದ ಹಾಗೆ, ಚಪ್ಪಟೆ. ಎರಡು ಪ್ಯಾಕೂ 53.2 ತೋರಿಸಿದರೂ ಒಂದು 70, ಇನ್ನೊಂದು 85 ಪರ್ಸೆಂಟ್ ಇರಬಹುದು. ಹಾಗೆ ಸೇರಿಸಿದರೆ ಗೊತ್ತಾಗೋದು ಕೊನೆಯಲ್ಲಿ: ಒಂದು ಮೊದಲು ಖಾಲಿಯಾಗಿ ಬಿಎಂಎಸ್ ಕಡಿದುಕೊಳ್ಳುತ್ತೆ, ಅದರ ಲೋಡ್ ಉಳಿದವುಗಳ ತಲೆಗೆ, ಅವೂ ಮಿತಿ ದಾಟಿ ಒಂದರ ಹಿಂದೊಂದು ಬೀಳುತ್ತವೆ.

ನಾಲ್ಕನೇದಕ್ಕೂ ಇದೇ ಕ್ರಮ. ಬೇರೆ ಕಂಪನಿಯದಾದರೆ ಮಾಸ್ಟರ್ ಪ್ಯಾಕ್ (ಇನ್ವರ್ಟರ್‌ಗೆ ಸುದ್ದಿ ಕೊಡೋ ಮುಖ್ಯ ಪ್ಯಾಕ್) ಜೊತೆ ಮಾತಾಡಲ್ಲ, ಆಗ ಇನ್ವರ್ಟರನ್ನ ಬಿಎಂಎಸ್ ಕಮ್ಯುನಿಕೇಷನ್ ಬಿಟ್ಟು ವೋಲ್ಟೇಜ್ ಸೆಟ್ಟಿಂಗ್‌ಗೆ ಹಾಕಬೇಕು. ಒಂದೇ ಕಂಪನಿಯದಾದರೆ ಡಿಪ್ ಸ್ವಿಚ್‌ನಲ್ಲಿ (ಪ್ಯಾಕ್ ಮೇಲಿನ ಪುಟ್ಟ ಸ್ವಿಚ್‌ಗಳ ಸಾಲು) ಪ್ರತಿಯೊಂದಕ್ಕೂ ಬೇರೆ ವಿಳಾಸ ಕೊಡಿ.

ತಾಮ್ರಪಟ್ಟಿ
ಚಾರ್ಜಿಂಗ್ ಕರೆಂಟನ್ನ 60 ಆಂಪ್ಸ್‌ಗೆ ನಿಲ್ಲಿಸಿ. ಒಂದು ಪ್ಯಾಕ್ ಮೊದಲು ತುಂಬಿ ಕಡಿದುಕೊಂಡರೂ ಉಳಿದೆರಡಕ್ಕೆ 30 ಆಂಪ್ಸ್, 100 ಎಎಚ್‌ಗೆ ಆರಾಮ. ಜೂನ್‌ನಿಂದ ಸೆಪ್ಟೆಂಬರ್ ನಿಮ್ಮ ಕಡೆ ಪ್ಯಾನೆಲ್ ನಂಬಿದರೆ ವಾರಗಟ್ಟಲೆ 56 ಮುಟ್ಟಲ್ಲ, ಮೂರೂ ಮಧ್ಯದಲ್ಲೇ ಓಲಾಡ್ತಾ ಒಂದರಿಂದ ಒಂದು ದೂರ ಸರೀತವೆ. ಹತ್ತು ಹದಿನೈದು ದಿನಕ್ಕೊಮ್ಮೆ ಲೈನ್ ಕರೆಂಟ್‌ನಿಂದ ಪೂರ್ತಿ ತುಂಬಿಸಿ.

ಆಲೂರು_ಟ್ಯೂಬ್ಯುಲರ್
ಲಿಥಿಯಂ ಪುರಾಣದ ಮಧ್ಯೆ ನನ್ನದೊಂದು. 12 ವೋಲ್ಟ್ 150 ಎಎಚ್ ಟ್ಯೂಬ್ಯುಲರ್ ಎಂಟು, ನಾಲ್ಕರ ಎರಡು ಸಾಲು ಪ್ಯಾರಲಲ್. ಒಂದು ಸಾಲು ಚಾರ್ಜ್‌ನಲ್ಲಿ ಜಾಸ್ತಿ ಎಳೆಯುತ್ತೆ, ನೀರೂ ಅದೇ ಕುಡಿಯುತ್ತೆ.

ಹಾಸನ್_ಆಂಪಿಯರ್
ಆ ಸಾಲಿನಲ್ಲಿ ಒಂದು ಸೆಲ್ ಶಾರ್ಟ್ ಆಗಿರೋ ಲಕ್ಷಣ. ಚಾರ್ಜ್ ನಿಲ್ಲಿಸಿ ಎರಡು ಸಾಲನ್ನ ಬೇರೆ ಮಾಡಿ, ಕೆಲವು ಗಂಟೆ ಬಿಟ್ಟು ಒಂದೊಂದೇ ಬ್ಯಾಟರಿ ಅಳೆಯಿರಿ. ಉಳಿದವು 12.7 ಇದ್ದು ಒಂದು 10.6 ಇದ್ದರೆ ಅದೇ ಕಳ್ಳ. 54 ವೋಲ್ಟ್ ಫ್ಲೋಟ್ (ತುಂಬಿದ ಮೇಲೆ ಹಿಡಿದಿಡೋ ವೋಲ್ಟೇಜ್) 24 ಸೆಲ್‌ಗೆ ಹಂಚಿದರೆ ಸೆಲ್‌ಗೆ 2.25. ಒಂದು ಸತ್ತು 23 ಉಳಿದರೆ 2.35, ಅಂದರೆ ಆ ಸಾಲಿನ ಒಳ್ಳೆ ಸೆಲ್‌ಗಳೂ ದಿನವಿಡೀ ಕುದೀತವೆ, ಅದಕ್ಕೇ ನೀರು. ಚಾರ್ಜ್ ಇಲ್ಲದಾಗ ಒಳ್ಳೆ ಸಾಲು ಕೆಟ್ಟ ಸಾಲಿಗೆ ಸುರೀತಾ ಕೂರುತ್ತೆ.

ವೋಲ್ಟೇಜ್‌ನಲ್ಲಿ ಸಿಗದಿದ್ದರೆ ಆಸಿಡ್ ಸಾಂದ್ರತೆ ಅಳೆಯೋ ಹೈಡ್ರೋಮೀಟರ್. 27 ಡಿಗ್ರಿಗೆ 1.240 ಅಂತ ಲೇಬಲ್ ಇದ್ದರೆ, ಬೆಳಿಗ್ಗೆ ಆಸಿಡ್ 17 ಡಿಗ್ರಿ ಇರೋವಾಗ 1.247 ತೋರಿಸಿದರೆ ಅದು 1.240ಕ್ಕೆ ಸಮ. ಡಿಗ್ರಿಗೆ 0.0007 ಕಳೀಬೇಕು. ಸೆಲ್‌ನಿಂದ ಸೆಲ್‌ಗೆ 0.030 ವ್ಯತ್ಯಾಸ ಇದ್ದರೆ ಮೊದಲು ಈಕ್ವಲೈಸ್ ಚಾರ್ಜ್ (ಸೆಲ್‌ಗಳನ್ನ ಸಮ ಮಾಡೋ ಹೆಚ್ಚುವರಿ ಚಾರ್ಜ್), ಅದಕ್ಕೂ ಏಳದಿದ್ದರೆ ಆ ಬ್ಯಾಟರಿ ಮುಗೀತು. ಕೋಣೆಯ ಕಿಟಕಿ ತೆರೆದಿರಲಿ, ಹೈಡ್ರೋಜನ್ ಬರುತ್ತೆ. ಟಾಪ್ ಅಪ್ ಚಾರ್ಜ್ ಆದಮೇಲೆ, ಡಿಸ್ಟಿಲ್ಡ್ ವಾಟರ್ ಮಾತ್ರ. ಹೆಂಚಿನಿಂದ ಇಳಿದ ಮಳೆನೀರು ಶುದ್ಧ ಅನ್ನೋ ವಾದ ಇಲ್ಲಿ ನಡೆಯಲ್ಲ.

ಬೇಲೂರು_ವೈರಿಂಗ್
ಎರಡು ಸಾಲಿನ ಮಧ್ಯದ ಬಿಂದುಗಳನ್ನ ಅಡ್ಡ ಲಿಂಕ್ ಹಾಕಿ ಜೋಡಿಸಿದರೆ ವೋಲ್ಟೇಜ್ ಸಮ ಆಗುತ್ತೆ ಅಂತ ಹೇಳೋರಿದ್ದಾರೆ, ನೀವೇನಂತೀರಿ?

ಹಾಸನ್_ಆಂಪಿಯರ್
ನನಗೆ ಹಿಡಿಸಲ್ಲ ಮೇಡಂ. ಎಲ್ಲ ಹೊಸದಾಗಿರೋವಾಗ ಚೆನ್ನಾಗೇ ಇರುತ್ತೆ. ಒಂದು ಸೆಲ್ ಶಾರ್ಟ್ ಆದ ದಿನ ಪಕ್ಕದ ಒಳ್ಳೆ ಬ್ಯಾಟರಿ ನೇರ ಅದಕ್ಕೇ ಸುರಿಯುತ್ತೆ, ಆ ದಾರಿಯಲ್ಲಿ ಫ್ಯೂಸೂ ಇರಲ್ಲ. ಸಾಲಿಗೊಂದು ಫ್ಯೂಸ್ ಇಟ್ಟು, ತಿಂಗಳಿಗೊಮ್ಮೆ ಮಧ್ಯದ ವೋಲ್ಟೇಜ್ ಎರಡೂ ಸಾಲಲ್ಲಿ ಅಳೆದು ಬರೆದಿಟ್ಟರೆ ಸಾಕು.

ತಾಮ್ರಪಟ್ಟಿ
ನಾನು ಪೂರ್ತಿ ಒಪ್ಪಲ್ಲ. ಅಡ್ಡ ಲಿಂಕ್‌ಗೂ ಫ್ಯೂಸ್ ಹಾಕಬಹುದು, ದೊಡ್ಡ ಬ್ಯಾಂಕ್‌ಗಳಲ್ಲಿ ಉಪಯೋಗವಿದೆ. ಮನೆಯ ಎಂಟು ಬ್ಯಾಟರಿಗೆ ಬೇಡ ಅನ್ನೋದು ಸರಿ. ಆಲೂರಿನವರೇ, ಆ ಸಾಲಿಗೆ ಒಂದೇ ಒಂದು ಹೊಸ ಬ್ಯಾಟರಿ ಸೇರಿಸೋ ಮುಂಚೆ ಉಳಿದವು ಎಷ್ಟು ಹಳೇದು ನೋಡಿ. ಮೂರು ವರ್ಷ ದಾಟಿದ್ದರೆ ಕೆಟ್ಟ ಸಾಲಿನಲ್ಲಿ ಚೆನ್ನಾಗಿರೋದನ್ನ ಸ್ಪೇರ್ ಆಗಿ ಇಟ್ಟುಕೊಂಡು ಒಂದೇ ಸಾಲಿನಲ್ಲಿ ಓಡಿಸಿ.

ಮೂಡಿಗೆರೆ_ಹೋಂಸ್ಟೇ
ಬಸ್‌ಬಾರ್ ಆಯ್ತು, ಆರೂ ಕೇಬಲ್ ಒಂದು ಮೀಟರ್, ಹೈಡ್ರಾಲಿಕ್ ಕ್ರಿಂಪ್. ಫುಲ್ ಚಾರ್ಜ್ ಆಗಿ ಅರ್ಧ ಗಂಟೆ ಬಿಟ್ಟು 60 ಆಂಪ್ಸ್‌ನಲ್ಲಿ 20.4, 19.9, 19.6. ಎರಡು ಗಂಟೆ ಆದಮೇಲೂ ಹತ್ತಿರ ಹತ್ತಿರ ಅದೇ. ಲೋಡ್ ತೆಗೆದರೆ ಕ್ಲಾಂಪ್‌ನಲ್ಲಿ 0.2. ಪ್ರತಿ ಲಗ್‌ನಲ್ಲೂ 2 ಮಿಲಿವೋಲ್ಟ್ ಒಳಗೆ.

ಹಾಸನ್_ಆಂಪಿಯರ್
ಈ ಉಳಿದ ವ್ಯತ್ಯಾಸ ಪ್ಯಾಕ್‌ಗಳ ಒಳರೋಧದ್ದು, ತಲೆ ಕೆಡಿಸಿಕೊಳ್ಳಬೇಡಿ. ಒಂದು ವಾರ ಲೋಡ್ ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿ ನೋಡಿ, ಬಿಸಿಯಾಗಿ ತಣ್ಣಗಾಗಿ ತಾಮ್ರ ಸ್ವಲ್ಪ ಕೂರುತ್ತೆ. ಮಿಲಿವೋಲ್ಟ್ ಅಂಕಿಗಳನ್ನ ರ್‍ಯಾಕ್ ಬಾಗಿಲ ಒಳಗೆ ಬರೆದು ಅಂಟಿಸಿ, ಮಳೆಗಾಲ ಮುಗಿದ ಮೇಲೆ ಹೋಲಿಸೋಕೆ.

ಕೊಪ್ಪದ_ಮಳೆ
ಹಳೇ ಲಿಂಕ್ ಕೇಬಲ್ ಬಿಸಾಕಬೇಡಿ ಮಾರಾಯ್ರೆ. ಲಗ್ ಕತ್ತರಿಸಿ ಹೊಸದು ಹಾಕಿ, ಎರಡೂ ತುದಿಗೆ ಹಸಿರು ಸ್ಲೀವ್ ಏರಿಸಿದರೆ ರ್‍ಯಾಕ್‌ನಿಂದ ಇನ್ವರ್ಟರ್‌ನ ಲೋಹದ ಮೈಗೆ ಅರ್ತಿಂಗ್ ಆಗುತ್ತೆ.

ಮೂಡಿಗೆರೆ_ಹೋಂಸ್ಟೇ
ಕಾಲು ಮೀಟರ್ ಅದು, ಸಾಲಲ್ಲ! ಆದರೂ ತೆಗೆದಿಟ್ಟಿದ್ದೀನಿ.